ಪಾಸ್ ಆಗಿದೆ, ಆದರೆ ಯಾರ ಹೆಸರಿನಲ್ಲಿ?

ಸಣ್ಣ ಸಂಸ್ಥೆಗಳ ಇಮೇಲ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಈ ಕೆಲಸದಲ್ಲಿ ನನ್ನ ಬಳಿಗೆ ಬರುವ ದೂರುಗಳಲ್ಲಿ ಬಹುಪಾಲು ಒಂದೇ ಮಾತಿನಿಂದ ಶುರುವಾಗುತ್ತವೆ: "ನಾವು ಬಿಲ್ ಕಳಿಸಿದ್ದೇವೆ, ಗ್ರಾಹಕರು ಬಂದೇ ಇಲ್ಲ ಅನ್ನುತ್ತಾರೆ." ಕಳೆದ ವರ್ಷ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದವರು ಇದೇ ದೂರನ್ನು ಹೇಳಿದರು. ಅವರು ಬಿಲ್ಲುಗಳನ್ನು ತಯಾರಿಸಿ ಕಳಿಸಲು ಒಂದು ಆನ್‌ಲೈನ್ ಬಿಲ್ಲಿಂಗ್ ಸೇವೆಯನ್ನು ಬಳಸುತ್ತಿದ್ದರು. ಆ ಸೇವೆಯ ಪರದೆಯಲ್ಲಿ ಪ್ರತಿ ಬಿಲ್ಲಿನ ಮುಂದೆಯೂ 'ಕಳಿಸಲಾಗಿದೆ' ಎಂಬ ಹಸಿರು ಗುರುತು ಕಾಣುತ್ತಿತ್ತು. ಬಾಕಿ ಹಣ ಮಾತ್ರ ಬರುತ್ತಿರಲಿಲ್ಲ.

ಒಬ್ಬ ಗ್ರಾಹಕರ ಜಿಮೇಲ್ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಒಂದು ಬಿಲ್ ಸಿಕ್ಕಿತು. ಅದನ್ನು ತೆರೆದು, ಬಲಬದಿಯ ಮೂರು ಚುಕ್ಕೆಗಳ ಪಟ್ಟಿಯಲ್ಲಿರುವ 'ಶೋ ಒರಿಜಿನಲ್' ಎಂಬುದನ್ನು ಒತ್ತಿ, ಬಂದ ಪುಟದ ಮೇಲ್ಭಾಗದ ಚಿತ್ರ ತೆಗೆದು ಕಳಿಸಿ ಎಂದು ಕೇಳಿಕೊಂಡೆ. ಅದರಲ್ಲಿ, ಪತ್ರ ಕಳಿಸಿದವರ ಗುರುತನ್ನು ಪರೀಕ್ಷಿಸುವ ಮೂರು ವಿಧಾನಗಳ ಫಲಿತಾಂಶ ಹೇಳುವ ಮೂರು ಸಾಲುಗಳಿದ್ದವು. ಎಸ್‌ಪಿಎಫ್: ಪಾಸ್. ಡಿಕಿಮ್: ಪಾಸ್. ಡಿಮಾರ್ಕ್: ಫೇಲ್. ಸಂಸ್ಥೆಯ ಮಾಲೀಕರು ಇದನ್ನು ನೋಡಿ, ಮೂರರಲ್ಲಿ ಎರಡು ಪಾಸ್ ಆಗಿರುವಾಗ ಬಿಲ್ ಸ್ಪ್ಯಾಮ್‌ಗೆ ಹೋದದ್ದೇಕೆ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಎರಡನೆಯ ಸಾಲಿನ ಕೊನೆಯಲ್ಲೇ ಇತ್ತು. ಡಿಕಿಮ್ ಪಾಸ್ ಆಗಿದೆ ಎಂಬುದರ ಜೊತೆಗೆ ಅದು ಯಾವ ಡೊಮೈನ್ (ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಭಾಗ) ಹೆಸರಿನಲ್ಲಿ ಪಾಸ್ ಆಗಿದೆ ಎಂಬುದನ್ನೂ ಜಿಮೇಲ್ ಅಲ್ಲಿ ತೋರಿಸುತ್ತದೆ. ಅಲ್ಲಿದ್ದದ್ದು ಬಿಲ್ಲಿಂಗ್ ಸೇವೆಯ ಹೆಸರೇ ಹೊರತು ಈ ಸಂಸ್ಥೆಯ ಹೆಸರಲ್ಲ.

ಇದು ಅರ್ಥವಾಗಬೇಕಾದರೆ ಒಂದು ಹಳೆಯ ವಿಷಯವನ್ನು ತಿಳಿದಿರಬೇಕು. ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ವಿಧಾನವನ್ನು ಜಾನ್ ಪೋಸ್ಟೆಲ್ ಅವರು 1982ರಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ಬರೆದಿಟ್ಟರು. ಪರಸ್ಪರ ಪರಿಚಯವಿದ್ದ ಕೆಲವೇ ಕಂಪ್ಯೂಟರ್‌ಗಳ ನಡುವಿನ ವ್ಯವಹಾರಕ್ಕೆ ರೂಪಿಸಿದ ವಿಧಾನ ಅದಾಗಿದ್ದರಿಂದ, ಕಳಿಸುವವನು ತಾನು ಹೇಳಿಕೊಂಡವನೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಅಷ್ಟೇ ಅಲ್ಲ, ಪ್ರತಿ ಇಮೇಲ್‌ನಲ್ಲಿಯೂ ಕಳಿಸಿದವರ ವಿಳಾಸ ಎರಡು ಕಡೆ ಇರುತ್ತದೆ. ಒಂದು ಲಕೋಟೆಯ ಮೇಲಿನದು. ತಲುಪದ ಪತ್ರ ವಾಪಸು ಬರಬೇಕಾದ ವಿಳಾಸ ಅದು, ಸರ್ವರ್‌ಗಳು ಮಾತ್ರ ಅದನ್ನು ನೋಡುತ್ತವೆ. ಇನ್ನೊಂದು ಪತ್ರದ ಒಳಗಿನ 'ಫ್ರಮ್' ಸಾಲು. ಓದುವವರ ಕಣ್ಣಿಗೆ ಬೀಳುವುದು ಇದೊಂದೇ. ಇವೆರಡೂ ಒಂದೇ ಆಗಿರಬೇಕೆಂಬ ನಿಯಮ ಎಸ್‌ಎಂಟಿಪಿಯಲ್ಲಿ ಇಲ್ಲ. ಮೋಸದ ಪತ್ರಗಳೂ ಈ ಸಂದಿಯಲ್ಲೇ ನುಸುಳುತ್ತವೆ, ಬಿಲ್ಲಿಂಗ್ ಸೇವೆಯಂಥ ಪ್ರಾಮಾಣಿಕ ವ್ಯವಸ್ಥೆಗಳೂ ಈ ಸಂದಿಯಲ್ಲೇ ಕೆಲಸ ಮಾಡುತ್ತವೆ.

ಎಸ್‌ಪಿಎಫ್ ನೋಡುವುದು ಲಕೋಟೆಯನ್ನು. ಒಂದು ಡೊಮೈನ್‌ನ ಒಡೆಯರು ತಮ್ಮ ಹೆಸರಿನಲ್ಲಿ ಪತ್ರ ಕಳಿಸಬಹುದಾದ ಸರ್ವರ್‌ಗಳ ಪಟ್ಟಿಯನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೈನ್‌ಗಳ ವಿವರ ಇಡುವ ಸಾರ್ವಜನಿಕ ಕೋಶದಲ್ಲಿ, ಪ್ರಕಟಿಸುತ್ತಾರೆ. ಪತ್ರ ಸ್ವೀಕರಿಸುವ ಸರ್ವರ್ ಲಕೋಟೆಯ ಮೇಲಿನ ಡೊಮೈನ್‌ನ ಪಟ್ಟಿಯನ್ನು ತೆರೆದು, ಬಾಗಿಲಲ್ಲಿ ನಿಂತಿರುವ ಸರ್ವರ್‌ನ ಐಪಿ ವಿಳಾಸ ಅದರಲ್ಲಿದೆಯೇ ಎಂದು ನೋಡುತ್ತದೆ. ನಮ್ಮ ಬಿಲ್ಲಿಂಗ್ ಸೇವೆ ಲಕೋಟೆಯ ಮೇಲೆ ತನ್ನದೇ ವಿಳಾಸ ಬರೆಯುತ್ತಿತ್ತು. ತಲುಪದ ಪತ್ರಗಳನ್ನು ಅದೇ ಲೆಕ್ಕವಿಡಬೇಕಾದ್ದರಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ. ಹೀಗಾಗಿ ಪಾಸ್ ಆದದ್ದು ಆ ಸೇವೆಯ ಎಸ್‌ಪಿಎಫ್.

ಈ ಸಂಸ್ಥೆಯ ಎಸ್‌ಪಿಎಫ್ ದಾಖಲೆಯನ್ನು ತೆರೆದಾಗ ಇನ್ನೊಂದು ಸಂಗತಿ ಕಾಣಿಸಿತು. ಅದರಲ್ಲಿ ಏಳು 'ಇನ್‌ಕ್ಲೂಡ್'ಗಳಿದ್ದವು. ಇನ್ನೊಂದು ಸೇವೆಯ ಪಟ್ಟಿಯನ್ನೂ ನಮ್ಮ ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಹೇಳುವ ಸೂಚನೆ ಅದು. ಪ್ರತಿ ಹೊಸ ಸೇವೆಯ ಸಹಾಯಪುಟವೂ "ನಮ್ಮ ಇನ್‌ಕ್ಲೂಡ್ ಅನ್ನು ನಿಮ್ಮ ಎಸ್‌ಪಿಎಫ್‌ಗೆ ಸೇರಿಸಿ" ಎಂದು ಹೇಳುತ್ತದೆ, ಸೇರಿಸುವವರು ಸೇರಿಸುತ್ತಾ ಹೋಗುತ್ತಾರೆ, ಸೇವೆಯನ್ನು ಬಿಟ್ಟಾಗ ತೆಗೆಯುವವರು ಯಾರೂ ಇರುವುದಿಲ್ಲ. ಈ ಪಟ್ಟಿಗೆ ಒಂದು ಕಟ್ಟುನಿಟ್ಟಾದ ಮಿತಿಯಿದೆ. ಆರ್‌ಎಫ್‌ಸಿ 7208ರ ಪ್ರಕಾರ ಒಂದು ಎಸ್‌ಪಿಎಫ್ ಪರೀಕ್ಷೆಯಲ್ಲಿ ಡಿಎನ್‌ಎಸ್ ಅನ್ನು ಕೇಳಬೇಕಾಗುವ ಅಂಶಗಳು 10ಕ್ಕಿಂತ ಹೆಚ್ಚಿರಬಾರದು. ಒಂದು ಇನ್‌ಕ್ಲೂಡ್‌ನ ಒಳಗೆ ಇನ್ನೆರಡು ಇನ್‌ಕ್ಲೂಡ್‌ಗಳಿದ್ದರೆ ಅವೂ ನಮ್ಮ ಲೆಕ್ಕಕ್ಕೇ ಸೇರುತ್ತವೆ. ಐಪಿ ವಿಳಾಸಗಳನ್ನು ನೇರವಾಗಿ ಬರೆದರೆ ಅವು ಈ ಲೆಕ್ಕಕ್ಕೆ ಬರುವುದಿಲ್ಲ. ಇವರ ಏಳು ಇನ್‌ಕ್ಲೂಡ್‌ಗಳ ಒಳಗಿನದನ್ನೆಲ್ಲ ಎಣಿಸಿದಾಗ ಹದಿನಾಲ್ಕಾಯಿತು. ಮಿತಿ ಮೀರಿದರೆ ಫಲಿತಾಂಶ 'ಪರ್ಮ್‌ಎರರ್', ಅಂದರೆ ದಾಖಲೆಯನ್ನು ತಿದ್ದುವವರೆಗೆ ಹೋಗದ ದೋಷ. ಡಿಮಾರ್ಕ್ ದೃಷ್ಟಿಯಲ್ಲಿ ಅದು ಪಾಸ್ ಅಲ್ಲ. ಒಂದೇ ಡೊಮೈನ್‌ಗೆ ಎರಡು ಎಸ್‌ಪಿಎಫ್ ದಾಖಲೆಗಳನ್ನು ಹಾಕಿದರೂ ಇದೇ ಗತಿ. ಹಳೆಯದನ್ನು ಮುಟ್ಟಲು ಹೆದರಿ ಹೊಸದೊಂದು ಸಾಲನ್ನು ಪಕ್ಕದಲ್ಲಿ ಸೇರಿಸಿದವರನ್ನು ನಾನು ಬಹಳ ಸಲ ಕಂಡಿದ್ದೇನೆ.

ಆ ಏಳರಲ್ಲಿ ಎರಡು ಸೇವೆಗಳನ್ನು ಅವರು ವರ್ಷಗಳ ಹಿಂದೆಯೇ ಬಿಟ್ಟಿದ್ದರು. ಇನ್ನು ಮೂರು, ಬಿಲ್ಲಿಂಗ್ ಸೇವೆಯೂ ಸೇರಿದಂತೆ, ಲಕೋಟೆಯ ಮೇಲೆ ತಮ್ಮದೇ ಡೊಮೈನ್ ಬಳಸುತ್ತಿದ್ದುದರಿಂದ ಈ ಸಂಸ್ಥೆಯ ಎಸ್‌ಪಿಎಫ್ ದಾಖಲೆಯನ್ನು ಯಾವ ಸರ್ವರ್ ಕೂಡ ಅವುಗಳಿಗಾಗಿ ತೆರೆದು ನೋಡುತ್ತಲೇ ಇರಲಿಲ್ಲ. ಸಹಾಯಪುಟ ಹೇಳಿತೆಂದು ಸೇರಿಸಿದ ಆ ಮೂರು ಸಾಲುಗಳಿಂದ ಮಿತಿ ತುಂಬಿತೇ ಹೊರತು ಬೇರೆ ಏನೂ ಆಗಿರಲಿಲ್ಲ. ಒಂದು ಸೇವೆ ಲಕೋಟೆಯ ಮೇಲೆ ಯಾರ ಹೆಸರು ಬರೆಯುತ್ತದೆ ಎಂಬುದನ್ನು ಒಂದು ಪರೀಕ್ಷಾಪತ್ರ ತರಿಸಿಕೊಂಡು, ಅದರ 'ರಿಟರ್ನ್ ಪಾತ್' ಸಾಲನ್ನು ಓದಿ ಖಚಿತಪಡಿಸಿಕೊಳ್ಳದೆ ಎಸ್‌ಪಿಎಫ್‌ಗೆ ಕೈಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಡಿಕಿಮ್‌ನ ದಾರಿ ಬೇರೆ. ಯಾಹೂ ರೂಪಿಸಿದ ಡೊಮೈನ್‌ಕೀಸ್ ಮತ್ತು ಸಿಸ್ಕೊ ರೂಪಿಸಿದ ಇನ್ನೊಂದು ವಿಧಾನ ಕೂಡಿ ಹುಟ್ಟಿದ ಇದು 2007ರಲ್ಲಿ ಆರ್‌ಎಫ್‌ಸಿ 4871 ಆಗಿ ಪ್ರಕಟವಾಯಿತು. ಕಳಿಸುವ ಸರ್ವರ್ ಪತ್ರದ ಒಡಲಿಗೂ ಆಯ್ದ ತಲೆಸಾಲುಗಳಿಗೂ (ಫ್ರಮ್, ವಿಷಯದಂಥ ಸಾಲುಗಳು) ಗುಟ್ಟಿನ ಕೀಲಿಯಿಂದ ಡಿಜಿಟಲ್ ಸಹಿ ಹಾಕುತ್ತದೆ. ಅದಕ್ಕೆ ಜೋಡಿಯಾದ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ಸ್ವೀಕರಿಸುವವರು ಅದನ್ನು ತೆಗೆದುಕೊಂಡು ಸಹಿಯನ್ನು ತಾಳೆ ನೋಡುತ್ತಾರೆ. ದಾರಿಯಲ್ಲಿ ಒಂದು ಅಕ್ಷರ ಬದಲಾದರೂ ಸಹಿ ಮುರಿಯುತ್ತದೆ. ಕೀಲಿ ಗಟ್ಟಿಯಾಗಿರಬೇಕು ಎಂಬುದಕ್ಕೆ 2012ರಲ್ಲಿ ಬೆಳಕಿಗೆ ಬಂದ ಒಂದು ಪ್ರಸಂಗವಿದೆ. ಝ್ಯಾಕರಿ ಹ್ಯಾರಿಸ್ ಎಂಬ ಗಣಿತಜ್ಞರಿಗೆ ಗೂಗಲ್‌ನ ನೇಮಕಾತಿ ವಿಭಾಗದಿಂದ ಒಂದು ಪತ್ರ ಬಂತು. ಅದು ನಿಜವೇ ಎಂದು ಪರೀಕ್ಷಿಸಲು ಹೋದ ಅವರಿಗೆ ಗೂಗಲ್ ಬರೀ 512 ಬಿಟ್‌ನ ಡಿಕಿಮ್ ಕೀಲಿ ಬಳಸುತ್ತಿರುವುದು ಕಂಡಿತು. ಇದು ತನಗೆ ಒಡ್ಡಿದ ಒಗಟಿರಬೇಕೆಂದು ಭಾವಿಸಿ ಅವರು ಕೀಲಿಯನ್ನು ಒಡೆದೇಬಿಟ್ಟರು. ಈಗ ಕನಿಷ್ಠ 1024 ಬಿಟ್ ಬೇಕು, 2048 ಇದ್ದರೆ ಒಳ್ಳೆಯದು.

2048 ಬಿಟ್‌ನ ಕೀಲಿಯನ್ನು ಡಿಎನ್‌ಎಸ್‌ಗೆ ಹಾಕುವಾಗ ಎದುರಾಗುವ ತೊಡಕನ್ನು ಹಲವು ಸಹಾಯಪುಟಗಳು ಸರಿಯಾಗಿ ಹೇಳುವುದಿಲ್ಲ. ಡಿಎನ್‌ಎಸ್‌ನ ಟೆಕ್ಸ್ಟ್ ದಾಖಲೆಯಲ್ಲಿ ಒಂದು ತುಣುಕಿಗೆ 255 ಅಕ್ಷರಗಳ ಮಿತಿಯಿದೆ, ಈ ಕೀಲಿ ಅದಕ್ಕಿಂತ ಉದ್ದ. ಕೆಲವು ಡಿಎನ್‌ಎಸ್ ಪ್ಯಾನೆಲ್‌ಗಳು (ದಾಖಲೆಗಳನ್ನು ಸೇರಿಸುವ ಪುಟಗಳು) ತಾವೇ ತುಂಡು ಮಾಡಿಕೊಳ್ಳುತ್ತವೆ, ಕೆಲವು ನಾವೇ ತುಂಡು ಮಾಡಿ ಉದ್ಧರಣ ಚಿಹ್ನೆ ಹಾಕಬೇಕೆಂದು ನಿರೀಕ್ಷಿಸುತ್ತವೆ, ಇನ್ನು ಕೆಲವು ಏನೂ ಹೇಳದೆ ಬಾಲವನ್ನು ಕತ್ತರಿಸಿ ಉಳಿದದ್ದನ್ನು ಉಳಿಸಿಕೊಳ್ಳುತ್ತವೆ. ಇನ್ನೊಂದು ತೊಡಕು ದಾಖಲೆಯ ಹೆಸರಿನದು. ಹಲವು ಪ್ಯಾನೆಲ್‌ಗಳು ಡೊಮೈನ್ ಹೆಸರನ್ನು ತಾವಾಗಿಯೇ ಕೊನೆಗೆ ಸೇರಿಸುತ್ತವೆ; ಅದು ಗೊತ್ತಿಲ್ಲದೆ ನಾವು ಪೂರ್ತಿ ಹೆಸರನ್ನು ಬರೆದರೆ ಡೊಮೈನ್ ಎರಡು ಸಲ ಅಂಟಿಕೊಂಡ, ಯಾರೂ ಎಂದೂ ಹುಡುಕದ ಒಂದು ದಾಖಲೆ ಸೃಷ್ಟಿಯಾಗುತ್ತದೆ. ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇದೇ ತಪ್ಪನ್ನು ಹುಡುಕುತ್ತಾ ನಾನು ಒಂದು ಮಧ್ಯಾಹ್ನವಿಡೀ ಕಳೆದಿದ್ದೇನೆ, ತಪ್ಪು ಮಾಡಿದವನೂ ನಾನೇ ಆಗಿದ್ದೆ.

ಡಿಕಿಮ್ ಸಹಿಯೊಳಗೆ 'ಡಿ' ಎಂಬ ಒಂದು ಅಂಶವಿರುತ್ತದೆ. ಸಹಿ ಹಾಕಿದ ಡೊಮೈನ್ ಯಾವುದು ಎಂದು ಅದು ಹೇಳುತ್ತದೆ. ನಾವು ಬೇರೆ ಏನನ್ನೂ ಮಾಡದಿದ್ದರೆ ಹೊರಗಿನ ಸೇವೆಗಳು ಸಾಮಾನ್ಯವಾಗಿ ತಮ್ಮ ಹೆಸರಿನಲ್ಲೇ ಸಹಿ ಹಾಕುತ್ತವೆ. ನೋಟರಿಯ ಮೊಹರು ಸಾಚಾ ಆಗಿರಬಹುದು, ಆದರೆ ಅದರಿಂದ ಪತ್ರದ ಕೊನೆಯಲ್ಲಿರುವ ಸಹಿ ನನ್ನದು ಎಂದಾಗುವುದಿಲ್ಲ.

ಎಸ್‌ಪಿಎಫ್ ಲಕೋಟೆಯ ಹೆಸರನ್ನು, ಡಿಕಿಮ್ ಸಹಿಯ ಹೆಸರನ್ನು ದೃಢಪಡಿಸುತ್ತವೆ. ಓದುವವರಿಗೆ ಕಾಣುವ ಫ್ರಮ್ ಸಾಲಿನ ಹೆಸರಿನೊಂದಿಗೆ ಇವೆರಡೂ ತಾಳೆ ನೋಡುವುದಿಲ್ಲ. ಆ ಕೆಲಸವನ್ನು ಡಿಮಾರ್ಕ್ ಮಾಡುತ್ತದೆ. 2012ರಲ್ಲಿ ಸಾರ್ವಜನಿಕವಾಗಿ ಪ್ರಕಟವಾಗಿ, 2015ರಲ್ಲಿ ಆರ್‌ಎಫ್‌ಸಿ 7489 ಆಗಿ ಹೊರಬಂದ ಈ ವಿಧಾನ ಕೇಳುವ ಪ್ರಶ್ನೆ ಒಂದೇ: ಪಾಸ್ ಆದ ಹೆಸರು ಮತ್ತು ಫ್ರಮ್ ಸಾಲಿನ ಹೆಸರು ಹೊಂದುತ್ತವೆಯೇ? ಇದನ್ನು ಅಲೈನ್‌ಮೆಂಟ್ ಎನ್ನುತ್ತಾರೆ, ನಾನು ಹೊಂದಿಕೆ ಎನ್ನುತ್ತೇನೆ. ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಒಂದು ಪಾಸ್ ಆಗಿ, ಅದೇ ಹೊಂದಿಕೊಂಡರೂ ಸಾಕು; ಸಡಿಲ ಹೊಂದಿಕೆಯಲ್ಲಿ ಸಬ್‌ಡೊಮೈನ್ ಬೇರೆಯಿದ್ದರೂ ಮೂಲ ಡೊಮೈನ್ ಒಂದೇ ಆಗಿದ್ದರೆ ಆಯಿತು. ಎರಡೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕು ಎಂಬುದನ್ನು ಡೊಮೈನ್‌ನ ಒಡೆಯರೇ ಮೂರು ಪದಗಳಲ್ಲಿ ಒಂದನ್ನು ಆರಿಸಿ ಪ್ರಕಟಿಸುತ್ತಾರೆ: 'ನನ್' ಎಂದರೆ ಏನೂ ಮಾಡಬೇಡಿ, ವರದಿ ಮಾತ್ರ ಕಳಿಸಿ, 'ಕ್ವಾರಂಟೈನ್' ಎಂದರೆ ಸ್ಪ್ಯಾಮ್‌ಗೆ ಹಾಕಿ, 'ರಿಜೆಕ್ಟ್' ಎಂದರೆ ಬಾಗಿಲಲ್ಲೇ ತಿರಸ್ಕರಿಸಿ.

ಆ ಸಂಸ್ಥೆಯ ಡಿಮಾರ್ಕ್ ದಾಖಲೆಯಲ್ಲಿ 'ಕ್ವಾರಂಟೈನ್' ಎಂದಿತ್ತು. ಯಾರೋ ಸುರಕ್ಷತೆಯ ದೃಷ್ಟಿಯಿಂದ ಹಿಂದೊಮ್ಮೆ ಹಾಕಿ ಹೋಗಿದ್ದರು. ಅಂದರೆ ಆ ಬಿಲ್ಲುಗಳನ್ನು ಸ್ಪ್ಯಾಮ್‌ಗೆ ಹಾಕಿ ಎಂದು ಹೇಳಿದ್ದು ಗೂಗಲ್ ಅಲ್ಲ, ಆ ಸಂಸ್ಥೆಯೇ. ಇದನ್ನು ಮಾಲೀಕರಿಗೆ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪರಿಹಾರ ಸರಳವಾಗಿತ್ತು. ಬಿಲ್ಲಿಂಗ್ ಸೇವೆಯ ಸೆಟ್ಟಿಂಗ್‌ಗಳಲ್ಲಿ ಒಳಗೆಲ್ಲೋ ಅವಿತಿದ್ದ 'ಡೊಮೈನ್ ದೃಢೀಕರಣ' ಎಂಬ ಪುಟದಲ್ಲಿ ಮೂರು ಸಿನೇಮ್ ದಾಖಲೆಗಳನ್ನು (ನಮ್ಮ ಡೊಮೈನ್‌ನ ಒಂದು ಹೆಸರನ್ನು ಸೇವೆಯವರ ಹೆಸರಿನತ್ತ ತಿರುಗಿಸುವ ಡಿಎನ್‌ಎಸ್ ಸಾಲುಗಳು) ಕೊಟ್ಟಿದ್ದರು. ಎರಡು ಡಿಕಿಮ್ ಕೀಲಿಗಳಿಗೆ, ಒಂದು ಲಕೋಟೆಯ ವಿಳಾಸವನ್ನೂ ಈ ಸಂಸ್ಥೆಯ ಸಬ್‌ಡೊಮೈನ್‌ಗೆ ತರುವುದಕ್ಕೆ. ಸಿನೇಮ್ ಆದ್ದರಿಂದ ಕೀಲಿ ಸೇವೆಯವರ ಬಳಿಯೇ ಇರುತ್ತದೆ, ಅವರು ಬದಲಿಸಿದಾಗ ನಾವು ಮುಟ್ಟಬೇಕಾಗಿಲ್ಲ, 255 ಅಕ್ಷರಗಳ ಗೋಳೂ ಇಲ್ಲ. ದಾಖಲೆಗಳನ್ನು ಸೇರಿಸಿ, ದೃಢೀಕರಿಸುವ ಗುಂಡಿ ಒತ್ತಿ, ಮತ್ತೊಂದು ಬಿಲ್ ಕಳಿಸಿ ನೋಡಿದಾಗ ಡಿಕಿಮ್ ಸಾಲಿನಲ್ಲಿ ಸಂಸ್ಥೆಯ ಹೆಸರೇ ಬಂದಿತ್ತು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳುವವರು ಮೊದಲು ಬಹಳ ಜನರಿದ್ದರು, ಈಗ ಕಡಿಮೆಯಾಗಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಮತ್ತು ಯಾಹೂ ಹೊಸ ನಿಯಮಗಳನ್ನು ಘೋಷಿಸಿ, 2024ರ ಫೆಬ್ರವರಿಯಿಂದ ಜಾರಿಗೆ ತಂದವು. ದಿನಕ್ಕೆ 5000 ಅಥವಾ ಅದಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರು ಎಸ್‌ಪಿಎಫ್, ಡಿಕಿಮ್ ಎರಡನ್ನೂ ಅಳವಡಿಸಿ, ಕನಿಷ್ಠ 'ನನ್' ಎಂಬ ನೀತಿಯ ಡಿಮಾರ್ಕ್ ದಾಖಲೆಯನ್ನಾದರೂ ಪ್ರಕಟಿಸಬೇಕು, ಫ್ರಮ್ ಸಾಲು ಎರಡರಲ್ಲಿ ಒಂದರೊಂದಿಗಾದರೂ ಹೊಂದಬೇಕು. ಮೈಕ್ರೋಸಾಫ್ಟ್ ಕೂಡ 2025ರ ಮೇ 5ರಿಂದ ಔಟ್‌ಲುಕ್, ಹಾಟ್‌ಮೇಲ್, ಲೈವ್ ವಿಳಾಸಗಳಿಗೆ ಇದೇ 5000ದ ಗಡಿಯನ್ನು ತಂದಿತು. ನಾವು ಸಣ್ಣವರು, ದಿನಕ್ಕೆ ಇನ್ನೂರು ಪತ್ರ ಕಳಿಸುವವರು, ನಮಗೇಕೆ ಎಂದುಕೊಳ್ಳುವಂತಿಲ್ಲ. ಗೂಗಲ್‌ನ ನಿಯಮದಲ್ಲಿ ಪ್ರತಿಯೊಬ್ಬರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು, ಕಳಿಸುವ ಐಪಿ ವಿಳಾಸಕ್ಕೆ ಹಿಮ್ಮುಖ ಡಿಎನ್‌ಎಸ್ ಹೆಸರು (ಐಪಿಯಿಂದ ಹುಡುಕಿದರೆ ಸಿಗುವ ಹೆಸರು) ಇರಬೇಕು, ಸಂಪರ್ಕ ಟಿಎಲ್‌ಎಸ್ ಎಂಬ ಗೂಢಲಿಪಿಯ ವಿಧಾನದ ಮೂಲಕ ಆಗಬೇಕು. ಒಂದು ಮೂಲ ಡೊಮೈನ್‌ನ ಎಲ್ಲ ಸಬ್‌ಡೊಮೈನ್‌ಗಳ ಪತ್ರಗಳನ್ನೂ ಕೂಡಿಸಿಯೇ 5000 ಎಣಿಸುತ್ತಾರೆ, ಒಮ್ಮೆ ಆ ಗಡಿ ದಾಟಿದವರು ಮತ್ತೆ ಸಣ್ಣವರಾಗುವುದಿಲ್ಲ. ಹಬ್ಬದ ರಿಯಾಯಿತಿಯ ಒಂದೇ ಒಂದು ಸುತ್ತೋಲೆ ಸಾಕು.

ತಿರಸ್ಕೃತ ಪತ್ರಗಳಲ್ಲಿ ಬರುವ ಸಂಕೇತಗಳನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳುವುದು ಒಳ್ಳೆಯದು. ಜಿಮೇಲ್‌ನಿಂದ 5.7.26 ಬಂದರೆ ದೃಢೀಕರಣ ಆಗಿಲ್ಲ ಎಂದರ್ಥ, ಮೈಕ್ರೋಸಾಫ್ಟ್‌ನ 5.7.515 ಕೂಡ ಅದನ್ನೇ ಹೇಳುತ್ತದೆ. "ಸರ್ವರ್ ಸಮಸ್ಯೆ, ನಾಳೆ ಕಳಿಸಿ ನೋಡೋಣ" ಎಂದು ಬಿಟ್ಟರೆ ನಾಳೆಯೂ ಅದೇ ಉತ್ತರ ಬರುತ್ತದೆ.

ನಿಯಮಕ್ಕೆ 'ನನ್' ಸಾಕು ಎಂದೆನಲ್ಲ, ಅಲ್ಲಿಗೇ ನಿಲ್ಲಬಾರದು. ಆದರೆ ಮುಂದಕ್ಕೆ ಹೋಗುವಾಗ ಅವಸರವೂ ಸಲ್ಲದು. ಡಿಮಾರ್ಕ್ ದಾಖಲೆಯಲ್ಲಿ ವರದಿಯ ವಿಳಾಸ ಕೊಟ್ಟರೆ ಗೂಗಲ್, ಯಾಹೂ, ಮೈಕ್ರೋಸಾಫ್ಟ್‌ನಂಥವರು ಸಾಮಾನ್ಯವಾಗಿ ದಿನಕ್ಕೊಂದರಂತೆ ಎಕ್ಸ್‌ಎಂಎಲ್ ವರದಿಗಳನ್ನು ಕಳಿಸುತ್ತಾರೆ. ಯಾವ ಐಪಿಯಿಂದ ನಮ್ಮ ಹೆಸರಿನಲ್ಲಿ ಎಷ್ಟು ಪತ್ರ ಬಂತು, ಯಾವ ಹೆಸರಿನಲ್ಲಿ ಪಾಸ್ ಆಯಿತು, ಅವರು ಏನು ಮಾಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಬರಿಗಣ್ಣಿಗೆ ಓದಲು ಹಿಂಸೆಯಾದರೂ ಮೊದಲ ವಾರದ ವರದಿಗಳನ್ನು ನಾನು ಯಾವ ಉಪಕರಣವನ್ನೂ ಬಳಸದೆ ಸಾಲು ಸಾಲಾಗಿ ಓದುತ್ತೇನೆ. ಸಂಸ್ಥೆಯಲ್ಲಿ ಯಾರಿಗೂ ನೆನಪಿಲ್ಲದ ಕಳಿಸುವವರು ಅಲ್ಲಿ ಸಿಗುತ್ತಾರೆ. ಈ ಸಂಸ್ಥೆಯಲ್ಲಿ ಹಾಗೆ ಸಿಕ್ಕವು ಎರಡು: ವೆಬ್‌ಸೈಟ್‌ನ ಸಂಪರ್ಕ ಫಾರ್ಮ್, ಮತ್ತು ಸ್ಕ್ಯಾನ್ ಮಾಡಿದ ಕಾಗದವನ್ನು ನೇರವಾಗಿ ಇಮೇಲ್ ಮಾಡುವ ಒಂದು ಹಳೆಯ ಪ್ರಿಂಟರ್.

ಅವಸರದ ಪಾಠವನ್ನು ಬೇರೊಂದು ಕಡೆ ಕಲಿತಿದ್ದೆ. ಅಲ್ಲಿ ಮೂರು ವಾರಗಳ ವರದಿಗಳು ಶುಭ್ರವಾಗಿದ್ದವು, ನಾನು ಧೈರ್ಯದಿಂದ 'ರಿಜೆಕ್ಟ್' ಹಾಕಿದೆ. ಅವರ ಒಂದು ಸೇವೆ ಮೂರು ತಿಂಗಳಿಗೊಮ್ಮೆ ಮಾತ್ರ ಗ್ರಾಹಕರಿಗೆ ಖಾತೆಯ ವಿವರ ಕಳಿಸುತ್ತಿತ್ತು, ನಾನು ನೋಡಿದ ಮೂರು ವಾರಗಳಲ್ಲಿ ಅದು ಒಂದು ಪತ್ರವನ್ನೂ ಕಳಿಸಿರಲಿಲ್ಲ. ತ್ರೈಮಾಸಿಕ ಮುಗಿದ ದಿನ ಎಲ್ಲವೂ ಬಾಗಿಲಲ್ಲೇ ತಿರಸ್ಕೃತವಾದವು. ಅಂದಿನಿಂದ ಸಂಸ್ಥೆಯ ವ್ಯವಹಾರದ ಒಂದು ಪೂರ್ತಿ ಸುತ್ತು ಕಣ್ಣಮುಂದೆ ಹಾದುಹೋಗುವವರೆಗೆ 'ನನ್'ನಲ್ಲೇ ಇರುತ್ತೇನೆ. ಆದರೆ ಈಗಾಗಲೇ 'ಕ್ವಾರಂಟೈನ್' ಇರುವ ಕಡೆ ಹಿಂದಕ್ಕೆ ಬರಬೇಕೇ ಎಂಬ ಪ್ರಶ್ನೆ ಬರುತ್ತದೆ. ಪ್ರಾಮಾಣಿಕ ಪತ್ರಗಳು ಕಳೆದುಹೋಗುತ್ತಿವೆ ಎಂದು ವರದಿ ಹೇಳಿದರೆ ಹಿಂಜರಿಯದೆ ಬರಬೇಕು.

ಫಾರ್ವರ್ಡ್ ಆದ ಪತ್ರಗಳ ವಿಷಯ ಪ್ರತ್ಯೇಕವಾಗಿಯೇ ಬರೆಯಬೇಕಾದಷ್ಟಿದೆ. ಗ್ರಾಹಕರು ತಮ್ಮ ಹಳೆಯ ವಿಳಾಸದಿಂದ ಹೊಸದಕ್ಕೆ ಪತ್ರಗಳನ್ನು ತಾನಾಗಿ ಸಾಗುವಂತೆ ಮಾಡಿಕೊಂಡಿದ್ದರೆ, ನಡುವಿನ ಸರ್ವರ್ ನಮ್ಮ ಪಟ್ಟಿಯಲ್ಲಿಲ್ಲದ ಕಾರಣ ಎಸ್‌ಪಿಎಫ್ ಆಧಾರದ ಹೊಂದಿಕೆ ಬಿದ್ದುಹೋಗುತ್ತದೆ. ಒಳಗಿನದನ್ನು ಯಾರೂ ತಿದ್ದದಿದ್ದರೆ ಡಿಕಿಮ್ ಸಹಿ ಮಾತ್ರ ಉಳಿಯುತ್ತದೆ. ಎರಡರಲ್ಲಿ ಒಂದನ್ನೇ ಸರಿಪಡಿಸಲು ಸಮಯವಿದೆ ಎನ್ನುವವರಿಗೆ ನಾನು ಡಿಕಿಮ್ ಅನ್ನೇ ಸೂಚಿಸುವುದು ಇದಕ್ಕಾಗಿ.

ದೃಢೀಕರಣ ಮುಗಿದ ಮೇಲೂ ಇನ್‌ಬಾಕ್ಸ್ ಖಚಿತವಲ್ಲ. ಸ್ಪ್ಯಾಮ್ ಕಳಿಸುವವರೂ ತಮ್ಮ ಡೊಮೈನ್‌ಗೆ ಈ ಮೂರನ್ನೂ ನೀಟಾಗಿ ಹೊಂದಿಸಿಕೊಂಡಿರುತ್ತಾರೆ. ಇದರಿಂದ ಗೊತ್ತಾಗುವುದು ಪತ್ರ ಯಾರದು ಎಂದಷ್ಟೇ. ಅವರು ಎಂಥವರು ಎಂಬುದನ್ನು ಓದುಗರ ದೂರುಗಳು ತೀರ್ಮಾನಿಸುತ್ತವೆ. ಸ್ಪ್ಯಾಮ್ ಎಂದು ಗುರುತಿಸಿದವರ ಪ್ರಮಾಣವನ್ನು ಶೇ 0.1ಕ್ಕಿಂತ ಕೆಳಗಿಡಬೇಕು, ಶೇ 0.3ನ್ನು ಎಂದೂ ಮುಟ್ಟಬಾರದು ಎಂದು ಗೂಗಲ್ ಹೇಳುತ್ತದೆ. ಇನ್‌ಬಾಕ್ಸ್ ತಲುಪಿದ ಸಾವಿರ ಪತ್ರಗಳಿಗೆ ಮೂರು ಜನ ಸ್ಪ್ಯಾಮ್ ಗುಂಡಿ ಒತ್ತಿದರೆ ಮಿತಿ ಮುಗಿಯಿತು. ಪ್ರಚಾರಪತ್ರಗಳಿಗೆ ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಬರುವ ಸೌಲಭ್ಯವನ್ನು ಆರ್‌ಎಫ್‌ಸಿ 8058ರಂತೆ ತಲೆಸಾಲಿನಲ್ಲೇ ಕೊಡಬೇಕು, ಎರಡು ದಿನಗಳೊಳಗೆ ಹೆಸರು ತೆಗೆಯಬೇಕು ಎಂಬ ನಿಯಮವನ್ನು ವ್ಯಾಪಾರಿಗಳು ಹೊರೆಯೆಂದು ಭಾವಿಸುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ, ಬಿಟ್ಟುಹೋಗಲು ದಾರಿ ಸಿಗದವರೇ ಸ್ಪ್ಯಾಮ್ ಗುಂಡಿ ಒತ್ತುವುದು. ಬಿಲ್, ಪಾಸ್‌ವರ್ಡ್ ಬದಲಾವಣೆಯಂಥ ಪತ್ರಗಳಿಗೆ ಈ ನಿಯಮ ಅನ್ವಯಿಸದು. ಆದ್ದರಿಂದಲೇ ಅವನ್ನು ಒಂದು ಸಬ್‌ಡೊಮೈನ್‌ನಿಂದಲೂ ಪ್ರಚಾರವನ್ನು ಇನ್ನೊಂದರಿಂದಲೂ ಕಳಿಸುವುದು ಲೇಸು. ಬಿಲ್ಲಿನ ಕೆಳಗೆ ರಿಯಾಯಿತಿಯ ಜಾಹೀರಾತು ಅಂಟಿಸುವ ಆಸೆಯನ್ನೂ ಬಿಡಬೇಕು.

ಆ ಸಂಸ್ಥೆಯ ಎಸ್‌ಪಿಎಫ್‌ನಲ್ಲಿ ಈಗ ಎರಡೇ ಇನ್‌ಕ್ಲೂಡ್‌ಗಳಿವೆ. ಸಂಪರ್ಕ ಫಾರ್ಮ್‌ನ ಪತ್ರಗಳೂ ಈಗ ಸಂಸ್ಥೆಯ ಹೆಸರಿನಲ್ಲೇ ಪಾಸ್ ಆಗುತ್ತವೆ. ಪ್ರಿಂಟರ್‌ಗೆ ಸಹಿ ಹಾಕಲು ಕಲಿಸುವ ದಾರಿ ಸಿಗದ ಕಾರಣ ಅದರ ಇಮೇಲ್ ಸೌಲಭ್ಯವನ್ನೇ ತೆಗೆದು, ಸ್ಕ್ಯಾನ್‌ಗಳನ್ನು ಒಂದು ಹಂಚಿಕೆಯ ಫೋಲ್ಡರ್‌ಗೆ ಬೀಳುವಂತೆ ಮಾಡಿದ್ದೇವೆ. ದಿನದ ವರದಿಗಳಲ್ಲಿ ನಮಗೆ ಪರಿಚಯವಿಲ್ಲದ ಎರಡು ಮೂರು ಐಪಿಗಳು ಇನ್ನೂ ಬರುತ್ತಲೇ ಇರುತ್ತವೆ, ನೀತಿಯನ್ನು ಈಗ 'ರಿಜೆಕ್ಟ್'ಗೆ ಏರಿಸಿರುವುದರಿಂದ ಅವುಗಳ ಮುಂದೆ 'ರಿಜೆಕ್ಟ್' ಎಂದಿರುತ್ತದೆ. ಲೆಕ್ಕಪತ್ರ ವಿಭಾಗದವರು ಮಾತ್ರ ಇಂದಿಗೂ ತಿಂಗಳ ಮೊದಲ ಬಿಲ್ಲನ್ನು ಎಲ್ಲರಿಗಿಂತ ಮುಂಚೆ ನನ್ನ ವಿಳಾಸಕ್ಕೆ ಕಳಿಸಿ, "ಎರಡನೇ ಸಾಲಿನಲ್ಲಿ ಯಾರ ಹೆಸರಿದೆ ನೋಡಿ ಹೇಳಿ" ಎಂದು ಕೇಳುತ್ತಾರೆ.